ರುಚಿ ನೋಡಿದ ಡಬ್ಬಿ: ಅಡಿಗೆ ಭಟ್ಟರೊಬ್ಬರು ಒಂಬತ್ತೂವರೆ ಕಿಲೋ ಇಳಿಸಿದ ಪ್ರಕರಣ

ಶಿರಸಿ ಸೀಮೆಯಲ್ಲಿ ಅಡಿಗೆ ಭಟ್ಟರು ಅಂದರೆ ಊರಿಗೆ ಒಬ್ಬರಲ್ಲ ಇಬ್ಬರು ಸಿಗುತ್ತಾರೆ. ಹಾಗಾಗಿ ಇವರನ್ನು ಬರೀ ‘ಭಟ್ಟರು’ ಅಂದರೂ ಗುರುತು ಹತ್ತುವ ಭಯವಿಲ್ಲ. ಆದರೂ ವಯಸ್ಸು, ಊರು, ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. “ಹೆಸರು ಮಾತ್ರ ಹಾಕಬೇಡಿ, ಸೀಸನ್ನಿನಲ್ಲಿ ಯಾರೂ ಕರೆಯೂದಿಲ್ಲ” ಅಂದಿದ್ದರು. ತಿನ್ನದ ಅಡಿಗೆಯವನ ಅಡಿಗೆಯನ್ನು ಯಾರು ನಂಬುತ್ತಾರೆ ಎಂಬುದು ಅವರ ಲೆಕ್ಕ.

ನಾನು ಡಯಟಿಷಿಯನ್. ಕುಮಟಾದವಳು. ವಾರಕ್ಕೆ ಎರಡು ದಿನ ದೇವಿಮನೆ ಘಟ್ಟ ಹತ್ತಿ ಶಿರಸಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ.

ಹಿನ್ನೆಲೆ

ದೀಪಾವಳಿ ಕಳೆದ ವಾರ ಭಟ್ಟರು ಹೆಂಡತಿಯನ್ನು ಕರೆದುಕೊಂಡು ಬಂದರು. ಕರೆದುಕೊಂಡು ಬಂದವರು ಹೆಂಡತಿಯೇ ಅಂದರೆ ಸರಿ. ವಯಸ್ಸು 52, ಎತ್ತರ 166 ಸೆಂಟಿಮೀಟರ್, ತೂಕ 91 ಕಿಲೋ, ಸೊಂಟದ ಸುತ್ತಳತೆ 108 ಸೆಂಟಿಮೀಟರ್. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಬಿಎಂಐ 33. ನಮ್ಮ ದೇಶದವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಹಿಡಿಯುತ್ತಾರೆ. ಗಂಡಸರ ಸೊಂಟ 90 ಸೆಂಟಿಮೀಟರಿನ ಒಳಗಿರಬೇಕು. ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ 118, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, ಒಳಗೆ ಕಾಲಿಟ್ಟಿಲ್ಲ. ರಕ್ತದೊತ್ತಡ 146/92. ಡಾಕ್ಟರು ಬಿ.ಪಿ. ಮಾತ್ರೆ ಶುರು ಮಾಡಿ, ಥೈರಾಯ್ಡ್ ಸರಿ ಇದೆ ಎಂದು ನೋಡಿಕೊಂಡು, ನನ್ನ ಹತ್ತಿರ ಕಳಿಸಿದ್ದರು.

ಭಟ್ಟರ ದೂರು ಇದ್ಯಾವುದೂ ಅಲ್ಲ. ಅವರಿಗೆ ಮೊಣಕಾಲು. ಮೆಟ್ಟುಗತ್ತಿಯ (ಈಳಿಗೆ ಮಣೆಯ) ಮೇಲೆ ಕೂತು ಹೆಚ್ಚುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಕೂತರೆ ಏಳಲು ಒಬ್ಬ ಹುಡುಗ ಕೈ ಕೊಡಬೇಕು. ನಾಲ್ಕು ಜನರೆದುರು ಅದು ಆಗುವಂಥದ್ದಲ್ಲ.

ಏನು ತಿನ್ನುತ್ತೀರಿ ಎಂದು ಕೇಳಿದೆ. “ಕೆಲಸದ ದಿನ ಒಂದೂವರೆ ಊಟ ಮೇಡಂ. ಬೆಳಿಗ್ಗೆ ಎಂತ ಇಲ್ಲ, ಬರೀ ಚಾ. ಪಂಕ್ತಿ ಎಲ್ಲ ಎದ್ದ ಮೇಲೆ ನಾಲ್ಕು ಗಂಟೆಗೆ ಒಂದು ಊಟ. ರಾತ್ರಿ ಮಜ್ಜಿಗೆ ಅನ್ನ, ಅಷ್ಟೇ.” ಕವಳದ (ಎಲೆ ಅಡಿಕೆಯ) ಬಾಯಿ ಒರೆಸಿಕೊಂಡು ಹೆಂಡತಿಯ ಕಡೆ ನೋಡಿದರು. ಆ ತಾಯಿ ಕಿಟಕಿಯ ಕಡೆ ನೋಡಿದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯಾಕಂದರೆ ತಿಂದದ್ದನ್ನು ಮುಚ್ಚಿಡುತ್ತಾರೆ ಎಂದು ನಮ್ಮ ವೃತ್ತಿಯವರು ಬಹಳ ಬೇಗ ತೀರ್ಮಾನಿಸುತ್ತೇವೆ.

ನನ್ನ ಪಟ್ಟಿ

ಮೊದಲ ಸಲ ನಾನು ಮಾಡಿದ್ದು ತಪ್ಪು, ಅದೂ ಅಚ್ಚು ಹಾಕಿಸಿಟ್ಟುಕೊಂಡ ತಪ್ಪು. ಬೆಳಿಗ್ಗೆ 8ಕ್ಕೆ ಓಟ್ಸ್, 11ಕ್ಕೆ ಹಣ್ಣು, 1 ಗಂಟೆಗೆ ಊಟ, ರಾತ್ರಿ 8ಕ್ಕೆ ಎರಡು ಚಪಾತಿ, ಮುಂಜಾನೆ 45 ನಿಮಿಷ ನಡಿಗೆ. ಮದುವೆಮನೆಯಲ್ಲಿ ಬೆಳಗಿನ ಜಾವ ಮೂರೂವರೆಗೆ ಒಲೆಗೆ ಬೆಂಕಿ ಹಾಕುವ ಮನುಷ್ಯನಿಗೆ ಮುಂಜಾನೆಯ ನಡಿಗೆ ಬರೆದುಕೊಟ್ಟಿದ್ದೆ! ಮಧ್ಯಾಹ್ನ ಒಂದು ಗಂಟೆಗೆ ಅವರು ಮೂರನೇ ಪಂಕ್ತಿಗೆ ಅನ್ನ ಬಸಿಯುತ್ತಿರುತ್ತಾರೆ.

ಓಟ್ಸ್ ಒಂಬತ್ತು ದಿನ ನಡೆಯಿತು. ಉಳಿದದ್ದು ದನದ ಬಾಯಿಗೆ ಹೋಯಿತು. “ದನಕ್ಕೂ ಅಷ್ಟು ಸೇರಲಿಲ್ಲ” ಎಂದು ಹೆಂಡತಿ ವರದಿ ಒಪ್ಪಿಸಿದರು. ಮೂರು ವಾರದ ನಂತರ ತೂಕ 91.6.

“ಹದಿನಾಲ್ಕು ತಾಸು ನಿಂತೇ ಇರ್ತೇನೆ, ಇನ್ನೆಂಥ ವ್ಯಾಯಾಮ?” ಎಂಬುದು ಭಟ್ಟರ ಪ್ರಶ್ನೆ. ನ್ಯಾಯವಾದದ್ದೇ. ಆದರೆ ನಿಂತು ಸಟ್ಟುಗ ಆಡಿಸಿದರೆ ಮೈ ದಣಿಯುತ್ತದೆಯೇ ಹೊರತು ಎದೆಬಡಿತ ಏರುವುದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎಂದು ಹೇಳುವುದು ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆಯನ್ನು.

ಡಬ್ಬಿ

ಡಿಸೆಂಬರ್ ಮೊದಲ ವಾರ ಅವರಿಗೆ ಒಂದು ದೊಡ್ಡ ಮದುವೆಯಿತ್ತು, ಸುಮಾರು ಆರುನೂರು ಎಲೆ. ಸ್ಟೀಲ್ ಡಬ್ಬಿಯೊಂದನ್ನು ಅವರ ಕೈಕೆಳಗಿನ ಹುಡುಗನ ಕೈಗೆ ಕೊಟ್ಟೆ. ಕೆಲಸ ಇಷ್ಟೇ: ಭಟ್ಟರು ಏನನ್ನು ರುಚಿ ನೋಡಿದರೂ ಅಷ್ಟನ್ನೇ ಇನ್ನೊಮ್ಮೆ ತೆಗೆದು ಡಬ್ಬಿಗೆ ಹಾಕಬೇಕು. ಊಟ, ತಿಂಡಿಯದ್ದು ಬೇಡ. ರುಚಿ ನೋಡಿದ್ದು ಮಾತ್ರ.

ಮಾರನೇ ದಿನ ಹುಡುಗ ಡಬ್ಬಿ ತಂದಿಟ್ಟ. ಮುಚ್ಚಳ ಕೂತಿರಲಿಲ್ಲ, ಬಾಳೆನಾರು ಸುತ್ತಿ ಬಿಗಿದಿದ್ದ. ಬಿಚ್ಚಿದರೆ ಮೇಲೆ ಕೇಸರಿಬಾತಿನ ಮೂರು ಮುದ್ದೆ, ಅದಕ್ಕೆ ಅಂಟಿಕೊಂಡ ಬೂಂದಿಕಾಳು, ಎರಡು ಅರೆ ಬಜ್ಜಿ, ಹೋಳಿಗೆಯ ಹರಿದ ಅಂಚುಗಳು, ಕೆಳಗೆಲ್ಲ ಪಾಯಸ, ಹುಳಿ, ಪಲ್ಯ ಕಲಸಿ ಒಂದೇ ಬಣ್ಣ. ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ತಕ್ಕಡಿಗಿಟ್ಟೆವು. ಡಬ್ಬಿಯ ತೂಕ ಕಳೆದು 840 ಗ್ರಾಂ. ಅಂದಾಜಿನ ಲೆಕ್ಕಕ್ಕೆ 1,500 ಕ್ಯಾಲೊರಿ. ಒಬ್ಬ ಮನುಷ್ಯನ ದಿನದ ಆಹಾರದ ಅರ್ಧಕ್ಕಿಂತ ಹೆಚ್ಚು, ‘ಎಂತ ತಿನ್ನದೇ’ ಹೊಟ್ಟೆಗೆ ಹೋಗಿತ್ತು. ಇದರ ಮೇಲೆ ಏಳು ಲೋಟ ಚಾ, ಲೋಟಕ್ಕೆ ಎರಡು ಚಮಚ ಸಕ್ಕರೆ: 70 ಗ್ರಾಂ. ಎರಡು ಸಾವಿರ ಕ್ಯಾಲೊರಿ ತಿನ್ನುವವರು ಸಕ್ಕರೆಯನ್ನು ದಿನಕ್ಕೆ 50 ಗ್ರಾಮಿನ ಒಳಗಿಡಬೇಕು, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಭಟ್ಟರು ಡಬ್ಬಿಯನ್ನು ಬಹಳ ಹೊತ್ತು ನೋಡಿದರು. “ಇದು ನಾನು ತಿಂದದ್ದಾ?” ಅಂದರು. ಹುಡುಗ ತಲೆ ತಗ್ಗಿಸಿ, “ಎರಡು ಸಲ ಹಾಕೂಕೆ ಮರ್ತಿದ್ದೆ” ಅಂದ.

ಎರಡು ಸೋತ ವಾದಗಳು, ಒಂದು ಗೆದ್ದ ಮಾತು

ರುಚಿ ನೋಡುವುದನ್ನು ಕಡಿಮೆ ಮಾಡಿ ಅಂದೆ. ಬಾಯಿಗೆ ಹಾಕದೇ ಉಪ್ಪು ಹುಳಿ ಗೊತ್ತಾಗುವುದು ಹೇಗೆ ಎಂದರು. ರುಚಿ ನೋಡಿ ಉಗಿಯಿರಿ ಎಂದೆ. ಅದನ್ನು ಹೇಳಿದ ಕೂಡಲೇ ನನಗೇ ನಾಚಿಕೆಯಾಯಿತು. ಅಡಿಗೆಮನೆಯಲ್ಲಿ ಉಗಿಯುವುದುಂಟೇ?

ಆಗ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಹೆಂಡತಿ ಬಾಯಿ ಬಿಟ್ಟರು: “ಪಕ್ಷದ ಅಡಿಗೆ ಮಾಡುವಾಗ ಇವರು ಒಂದು ಹನಿ ಬಾಯಿಗೆ ಹಾಕೂದಿಲ್ಲ. ಇಷ್ಟು ವರ್ಷದಲ್ಲಿ ಯಾರಾದರೂ ಉಪ್ಪು ಕಮ್ಮಿ ಹೇಳಿದ್ದುಂಟಾ ಕೇಳಿ.”

ಈ ಪ್ರಕರಣ ತಿರುಗಿದ್ದು ಅಲ್ಲಿ. ಶ್ರಾದ್ಧದ ಅಡಿಗೆಯನ್ನು, ದೇವರ ನೈವೇದ್ಯವನ್ನು ಎಡೆಗೆ ಬಡಿಸುವ ಮೊದಲು ರುಚಿ ನೋಡುವಂತಿಲ್ಲ. ವಡೆ, ಸುಟ್ಟೇವು, ಪಾಯಸ, ಹತ್ತಾರು ಬಗೆಯನ್ನು ಮೂಗು, ಕಣ್ಣು, ಕೈಯಳತೆಯ ಮೇಲೆ ಮೂವತ್ತು ವರ್ಷದಿಂದ ಮಾಡಿಕೊಂಡು ಬಂದ ಕೈ ಅದು. ಕುದಿಯ ಸದ್ದಿನಲ್ಲಿ ಹುಳಿ ಗಟ್ಟಿಯಾದದ್ದು ಗೊತ್ತಾಗುತ್ತದೆ, ಎರಡು ಬೆರಳ ನಡುವೆ ಎಳೆಪಾಕ ಗೊತ್ತಾಗುತ್ತದೆ. ಭಟ್ಟರು ಏನೂ ಹೇಳಲಿಲ್ಲ. ಕವಳದ ಸಂಚಿ ಬಿಚ್ಚಿ, ಮತ್ತೆ ಕಟ್ಟಿದರು.

ನಾನು ಪುಸ್ತಕ ಓದಿ ಹೇಳಲಾಗದ ಉಪಾಯ ಅವರ ಕಸುಬಿನ ಒಳಗೇ ಇತ್ತು. ಹೊಸ ಕ್ರಮ ಹೀಗಾಯಿತು: ಸಿಹಿ ಯಾವುದನ್ನೂ ನಾಲಿಗೆಗೆ ಇಡುವಂತಿಲ್ಲ. ಸಾರು, ಹುಳಿ, ಪಲ್ಯ ಇಳಿಸುವಾಗ ಒಂದೇ ಸಲ, ಅರ್ಧ ಚಮಚ. ಉಳಿದ ಅನುಮಾನಕ್ಕೆ ಹುಡುಗನ ಬಾಯಿ.

ಇನ್ನೊಂದು ಗಂಟು ಹಸಿವಿನದು. ಹೊಟ್ಟೆ ಖಾಲಿ ಇದ್ದಾಗ ರುಚಿಯ ಚಮಚ ದೊಡ್ಡದಾಗುತ್ತದೆ. ಹತ್ತೂವರೆಗೆ ಕೂತು ಉಣ್ಣಿ ಎಂದರೆ, ಬಂದವರು ಉಣ್ಣುವ ಮೊದಲು ಅಡಿಗೆಯವ ಉಂಡ ಎಂಬ ಮಾತು ಬರುತ್ತದೆ ಎಂದರು. ಅದಕ್ಕೆ ಮನೆಯಿಂದಲೇ ತರುವುದು ಎಂದಾಯಿತು. ಮೂರು ತೆಳ್ಳೇವು (ತೆಳು ದೋಸೆ), ಒಂದು ಬಟ್ಟಲು ಹೆಸರುಕಾಳಿನ ಉಸುಳಿ, ಮೊಸರು. ಯಾವ ಡಬ್ಬಿಯಲ್ಲಿ? ಅದೇ ಸ್ಟೀಲ್ ಡಬ್ಬಿಯಲ್ಲಿ. ಚಪ್ಪರದ ಹಿಂದೆ ಕಟ್ಟಿಗೆ ರಾಶಿಯ ಮೇಲೆ ಕೂತು ಹತ್ತು ನಿಮಿಷದಲ್ಲಿ ತಿಂದು ಬರುತ್ತಿದ್ದರು. ಚಾ ಏಳರಿಂದ ಮೂರಕ್ಕೆ ಇಳಿಯಿತು, ಸಕ್ಕರೆ ಅರ್ಧ ಚಮಚ.

ಮೊದಲ ಗುರಿ ನೂರಕ್ಕೆ ಏಳು, ಅಂದರೆ ಸುಮಾರು ಆರೂವರೆ ಕಿಲೋ ಎಂದು ಇಟ್ಟೆವು. ಈ ಏಳು ಎಲ್ಲಿಂದ ಬಂತೆಂದರೆ, 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಇಟ್ಟುಕೊಂಡ ಗುರಿ ಅಷ್ಟೇ, ಜೊತೆಗೆ ವಾರಕ್ಕೆ 150 ನಿಮಿಷ ನಡಿಗೆ. ಹೊಸ್ತಿಲಲ್ಲಿ ಇದ್ದವರು ಸಕ್ಕರೆ ಕಾಯಿಲೆಗೆ ದಾಟುವುದು ಅದರಿಂದ ನೂರಕ್ಕೆ 58ರಷ್ಟು ತಗ್ಗಿತು. 2006ರ ಭಾರತದ ಅಧ್ಯಯನದಲ್ಲಿ ಇಳಿಕೆ 28.5. ಕಡಿಮೆಯಾದರೂ ಸಣ್ಣದಲ್ಲ.

ಮನೆಯ ಎಲೆ, ಬೆಟ್ಟದ ದಾರಿ

ಧನುರ್ಮಾಸದಲ್ಲಿ ಮದುವೆಯಿಲ್ಲ. ಡಿಸೆಂಬರ್ ಅರ್ಧದಿಂದ ಜನವರಿ ಅರ್ಧದವರೆಗೆ ಭಟ್ಟರು ಮನೆಯಲ್ಲಿ. ಚಪಾತಿಯ ವಿಚಾರ ನಾನು ಬಿಟ್ಟಾಗಿತ್ತು. ಅನ್ನವೇ ಇರಲಿ, ಆದರೆ ಕೈಯಿಂದ ಗುಡ್ಡೆ ಹಾಕದೆ ಬಟ್ಟಲಿನಿಂದ ಅಳೆದು ಒಂದೂವರೆ. ಅನ್ನಕ್ಕಿಂತ ಮೊದಲು ಪಲ್ಯ ಮತ್ತು ಹಸಿ ಎನ್ನುವ ಪಚಡಿ. ಬಾಳೆದಿಂಡು, ಬಸಳೆ, ತೊಂಡೆ, ಹಿತ್ತಿಲಲ್ಲಿ ಆದದ್ದು. ಒಂದೆಲಗದ ತಂಬುಳಿಗೆ ಕಾಯಿ ಅರ್ಧಕ್ಕಿಳಿಸಿ ಮಜ್ಜಿಗೆ ಹೆಚ್ಚಿಸಿದರು. ದಿನಾ ಒಂದು ಹೊತ್ತು ತೊವ್ವೆಯೋ ಕಾಳೋ ಇರಲೇಬೇಕು, ಯಾಕಂದರೆ ತೂಕದ ಜೊತೆ ಮಾಂಸಖಂಡವೂ ಇಳಿದರೆ ಮೊಣಕಾಲು ಇನ್ನಷ್ಟು ಸೋಲುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಊಟಕ್ಕೆ ಒಂದೇ, ಬಿ.ಪಿ. ಇದ್ದವರಿಗೆ ದಿನದ ಒಟ್ಟು ಉಪ್ಪು ಒಂದು ಸಣ್ಣ ಚಮಚ, 5 ಗ್ರಾಂ ದಾಟಬಾರದು. ಇದನ್ನು ಅವರು ಪೂರ್ತಿ ಪಾಲಿಸಿದರು ಎಂದು ನಾನು ನಂಬುವುದಿಲ್ಲ.

ನಡಿಗೆಗೆ ಗುರಿ ಬೇಕಿತ್ತು. ಸುಮ್ಮನೆ ರಸ್ತೆಯಲ್ಲಿ ಕೈಬೀಸಿ ನಡೆದರೆ “ಭಟ್ರೇ, ಎಲ್ಲಿಗೆ?” ಎಂದು ಬೈಕ್ ನಿಲ್ಲಿಸುವವರೇ ಎಲ್ಲ, ಹತ್ತಿಸಿಕೊಂಡೂ ಹೋಗುತ್ತಾರೆ. ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ತರುವುದು ಎಂದಾಯಿತು. ಹೋಗುವಾಗ ಇಪ್ಪತ್ತು ನಿಮಿಷ ಏರು, ಬರುವಾಗ ಹೊರೆ, ಮೊದಮೊದಲು ಅರ್ಧ ಹೊರೆ. ಜೊತೆಗೆ ದಿನಕ್ಕೆ ಮೂರು ಸರ್ತಿ, ಕೈ ಊರದೆ ಖುರ್ಚಿಯಿಂದ ಹತ್ತು ಬಾರಿ ಏಳುವುದು. ತಿಂಗಳಾದ ಮೇಲೆ ಖುರ್ಚಿಯ ಬದಲು ಗಿಡ್ಡ ಸ್ಟೂಲು. ಸಂಕ್ರಾಂತಿಗೆ ತೂಕ 88.7.

ಸೀಸನ್ನು ಹತ್ತಿದ ಮೇಲೆ ಒಂದು ಎಡವಟ್ಟಾಯಿತು. ಫೆಬ್ರವರಿಯ ಒಂದು ಉಪನಯನದಲ್ಲಿ ಅಪ್ಪೆಹುಳಿಗೆ ಎರಡು ಸಲ ಉಪ್ಪು ಬಿತ್ತು. ಭಟ್ಟರು ಹಾಕಿದ್ದರು, ರುಚಿ ನೋಡುವ ಹೊಣೆ ಹೊತ್ತ ಹುಡುಗ ಕೊಪ್ಪರಿಗೆ ಕುದಿಯುವ ಮೊದಲೇ ನೋಡಿ ಸಪ್ಪೆ ಎಂದು ಇನ್ನೊಂದು ಮುಷ್ಟಿ ಹಾಕಿದ್ದ. ನೀರು, ಬೆಲ್ಲ, ಲಿಂಬೆ ಹಾಕಿ ಸುಧಾರಿಸಿದರೂ ಮಾತು ಬಂತು. ಭಟ್ಟರು ಫೋನ್ ಮಾಡಿ, “ನಿಮ್ಮ ಪಥ್ಯದಿಂದ ನನ್ನ ಮರ್ಯಾದೆ ಹೋಯ್ತು” ಎಂದು ಇಟ್ಟುಬಿಟ್ಟರು. ಎರಡು ವಾರ ಬರಲಿಲ್ಲ. ಪ್ರಕರಣ ಮುಗಿಯಿತು ಎಂದೇ ಬರೆದಿಟ್ಟಿದ್ದೆ. ಬಂದಾಗ ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು: ನೂರು ಎಲೆಗೆ, ಇನ್ನೂರು ಎಲೆಗೆ ಯಾವ ಪದಾರ್ಥಕ್ಕೆ ಎಷ್ಟು ಉಪ್ಪು, ತೂಕ ಹಾಕಿ ಬರೆದದ್ದು. ಉಪ್ಪು ಹಾಕುವವ ಒಬ್ಬನೇ, ಅದು ಭಟ್ಟರು ಮಾತ್ರ.

ನಾನು ಕೇಳದೇ ಬಿಟ್ಟ ಪ್ರಶ್ನೆ

ಮಾರ್ಚ್‌ನಲ್ಲಿ 87.2. ಚಾರ್ಟಿನ ಗೆರೆ ಚೆಂದವಾಗಿ ಇಳಿಯುತ್ತಿತ್ತು, ನಾನು ಅದನ್ನೇ ನೋಡುತ್ತ ಕೂತಿದ್ದೆ. ಡಾಕ್ಟರು ಬಾಯಿ ತೆರೆಸಿ ನೋಡಿದಾಗ ಗೊತ್ತಾಯಿತು: ದಿನಕ್ಕೆ ಏಳೆಂಟು ಇದ್ದ ಕವಳ ಹದಿನಾರಕ್ಕೆ ಏರಿತ್ತು, ಹೊಗೆಸೊಪ್ಪು ಸೇರಿ. ರುಚಿ ನೋಡದ ಬಾಯಿಗೆ ಕೆಲಸ ಬೇಕಲ್ಲ. ಹಸಿವನ್ನೂ ಅದು ಮುಚ್ಚುತ್ತಿತ್ತು. ಡಬ್ಬಿಯ ತೆಳ್ಳೇವು ಕೆಲವು ದಿನ ಹಾಗೇ ವಾಪಸು ಹೋಗುತ್ತಿತ್ತಂತೆ.

ಅಡಿಕೆಯೇ ಅನ್ನ ಕೊಡುವ ಊರಿನಲ್ಲಿ ಕೂತು ಅಡಿಕೆ ಅಗಿಯಬೇಡಿ ಎನ್ನುವುದು ಸುಲಭವಲ್ಲ. ಆದರೆ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ, ಹೊಗೆಸೊಪ್ಪು ಇಲ್ಲದಿದ್ದರೂ. ಡಾಕ್ಟರು ಅದನ್ನು ನೇರವಾಗಿ ಹೇಳಿದರು. ಎರಡು ತಿಂಗಳ ಕಾಲ ತೂಕದ ಮಾತು ಎತ್ತದೆ ಕವಳವನ್ನೇ ಹಿಡಿದೆವು. ಹೊಗೆಸೊಪ್ಪು ಬಿಟ್ಟರು, ಕವಳ ಮೂರು ನಾಲ್ಕಕ್ಕೆ ನಿಂತಿದೆ. ಪೂರ್ತಿ ಬಿಟ್ಟಿಲ್ಲ. ಆ ಎರಡು ತಿಂಗಳಲ್ಲಿ ತೂಕ 300 ಗ್ರಾಂ ಮಾತ್ರ ಇಳಿಯಿತು. ಈ ಪ್ರಕರಣದಲ್ಲಿ ನನಗೆ ಸಮಾಧಾನ ಇರುವ ತೀರ್ಮಾನಗಳಲ್ಲಿ ಅದೊಂದು.

ಮಳೆ

ಜೂನ್ ಹಿಡಿದ ಮೇಲೆ ಬೆಟ್ಟದ ದಾರಿ ಉಂಬಳಗಳದ್ದು, ರಕ್ತ ಹೀರುವ ಜಿಗಣೆಗಳದ್ದು. ಮೂರು ವಾರ ಭಟ್ಟರು ಜಗುಲಿಯಲ್ಲಿ ಕಂಬಳಿ ಹೊದ್ದು ಹಲಸಿನ ಹಪ್ಪಳ ಮೆದ್ದರು. ಮಳೆ ನೋಡುತ್ತ ಹಪ್ಪಳ ತಿನ್ನಬೇಡಿ ಎನ್ನುವಷ್ಟು ಕಟುಕಳು ನಾನಲ್ಲ; ವಾರಕ್ಕೆ ಎರಡು ದಿನ, ಸುಟ್ಟ ಹಪ್ಪಳ ಎಂದು ರಾಜಿಯಾಯಿತು.

ನಡಿಗೆಗೆ ಉಪಾಯ ಕಂಡದ್ದು ಅವರೇ. ಜಗುಲಿಯ ಈ ಕೊನೆಗೊಂದು, ಆ ಕೊನೆಗೊಂದು ಬುಟ್ಟಿ. ಒಂದು ಸುತ್ತಿಗೆ ಒಂದು ಅಡಿಕೆಯನ್ನು ಈ ಬುಟ್ಟಿಯಿಂದ ಎತ್ತಿ ಆ ಬುಟ್ಟಿಗೆ ಹಾಕುವುದು. ಬಗ್ಗಿ ಏಳುವುದೂ ಆಯಿತು, ಲೆಕ್ಕವೂ ತಪ್ಪಲಿಲ್ಲ. ನೂರು ಅಡಿಕೆಯಿಂದ ಶುರುವಾಗಿ ಜುಲೈ ಕೊನೆಗೆ ಇನ್ನೂರೈವತ್ತು. ಮಳೆ ಹೊಳವಾದ ದಿನ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ದನಕ್ಕೆ ಹಸಿಹುಲ್ಲಿನ ಹೊರೆ. ಆಗಸ್ಟಿಗೆ ತೂಕ 83.

ಆ ತಿಂಗಳು ಇನ್ನೊಂದು ಅಳತೆಗೋಲು ಸಿಕ್ಕಿತು. ಸ್ನಾನ ಮಾಡುವಾಗ ಉಡಿದಾರ ಜಾರಿ ತೊಡೆಗೆ ಬಂತಂತೆ. ಬಿಚ್ಚಿ ಬಿಗಿ ಮಾಡಿ ಕಟ್ಟಿ, ಹಳೆಯ ಗಂಟಿನ ಗುರುತಿನಿಂದ ಹೊಸ ಗಂಟಿನವರೆಗೆ ನಾಲ್ಕು ಬೆರಳು ಎಂದು ತೋರಿಸಿದರು. ನನ್ನ ಟೇಪಿಗಿಂತ ಅದನ್ನು ಅವರು ಹೆಚ್ಚು ನಂಬಿದರು. ಅಲ್ಲಿಂದ ಮುಂದೆ ತೂಕದ ಯಂತ್ರ ತಿಂಗಳಿಗೊಮ್ಮೆ ಸಾಕು ಎಂದು ನಾನೇ ಹೇಳಿದೆ.

ಚೌತಿಯ ಚಕ್ಕುಲಿ

ಚೌತಿ ಹತ್ತಿರ ಬಂದರೆ ಈ ಕಡೆ ಕೈಚಕ್ಕುಲಿ ಕಂಬಳ, ಅಂದರೆ ಊರವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಯಿಂದ ಚಕ್ಕುಲಿ ಸುತ್ತುವುದು. ಹಿಟ್ಟು ಹದ ಮಾಡುವುದರಲ್ಲಿ ಭಟ್ಟರು ಎತ್ತಿದ ಕೈ. ಒಂದು ವಾರ ದಿನಕ್ಕೊಂದು ಮನೆ. ಎಣ್ಣೆಯಿಂದ ತೆಗೆದ ಬಿಸಿ ಚಕ್ಕುಲಿಯನ್ನು ಮುರಿದು ನೋಡದೆ ಹೇಗಿರುವುದು? ಅದರ ಬೆನ್ನಿಗೆ ಪಿತೃಪಕ್ಷ. ಹದಿನೈದು ದಿನ ಬೇಯಿಸುವಾಗ ಬಾಯಿಗೆ ಹಾಕದೇ ಇದ್ದು, ಕೊನೆಗೆ ಊಟಕ್ಕೆ ಕೂತಾಗ ವಡೆ, ಸುಟ್ಟೇವು ಎರಡೆರಡು ಸಲ. ಸೆಪ್ಟೆಂಬರ್ ಕೊನೆಗೆ 85.4. ಎರಡೂಕಾಲು ಕಿಲೋಗೂ ಹೆಚ್ಚು ವಾಪಸು.

“ಇಷ್ಟು ಮಾಡಿ ಎಂತಾತು?” ಎಂದು ಅವರು ಸಂಚಿ ಎತ್ತಿಕೊಂಡು ಹೊರಟಾಗ, ಪಂಚಾಂಗ ತೆಗೆಸಿದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ವರ್ಷವನ್ನು ಎರಡು ಬಣ್ಣದಲ್ಲಿ ಗುರುತು ಹಾಕಿದೆವು. ಮದುವೆ, ಮುಂಜಿ, ಚೌತಿ, ಪಕ್ಷದ ದಿನಗಳಲ್ಲಿ ಗುರಿ ಏರದೇ ಇರುವುದು ಮಾತ್ರ, ಇಳಿಸುವ ಮಾತಿಲ್ಲ. ಇಳಿಸುವುದು ಧನುರ್ಮಾಸ, ಆಷಾಢ, ನವರಾತ್ರಿಯ ನಂತರದ ವಾರಗಳಲ್ಲಿ. ವರ್ಷಪೂರ್ತಿ ಒಂದೇ ಸಮ ಇಳಿಸಬೇಕೆಂಬ ನನ್ನ ಹಟ ಹೋದ ದಿನವೇ ಅವರ ಸೋತೆನೆಂಬ ಭಾವವೂ ಹೋಯಿತು. ನಮ್ಮ ಕಡೆಯ ಜನರ ವರ್ಷ ಹಬ್ಬ, ಮಳೆ, ಕೊಯ್ಲುಗಳ ಮೇಲೆ ನಡೆಯುತ್ತದೆ. ಪಥ್ಯದ ಪಟ್ಟಿ ಮಾತ್ರ ಸೋಮವಾರದಿಂದ ಭಾನುವಾರಕ್ಕೆ ಬರೆಯುತ್ತೇವೆ. ಮೊದಲ ಭೇಟಿಯಲ್ಲೇ ಇವರ ಪಂಚಾಂಗ ಕೇಳಿದ್ದರೆ ಓಟ್ಸ್ ಆ ದನಕ್ಕೆ ತಪ್ಪುತ್ತಿತ್ತು. ಈಗ ಹೊಸಬರು ಯಾರೇ ಬರಲಿ, ಏನು ತಿನ್ನುತ್ತೀರಿ ಎಂಬ ಪ್ರಶ್ನೆಗಿಂತ ಮೊದಲು ನಿನ್ನೆ ಬೆಳಗಿನ ಜಾವದಿಂದ ಎಲ್ಲೆಲ್ಲಿ ನಿಂತಿದ್ದಿರಿ, ಕೈ ಎಲ್ಲೆಲ್ಲಿಗೆ ಹೋಯಿತು ಎಂದು ಕೇಳುತ್ತೇನೆ. ಕಿರಾಣಿ ಅಂಗಡಿಯವರ ಕೈ ಶೇಂಗಾ ಚೀಲಕ್ಕೆ, ಅಮ್ಮಂದಿರ ಕೈ ಮಕ್ಕಳು ಬಿಟ್ಟ ತಟ್ಟೆಗೆ.

ಹದಿನಾಲ್ಕನೇ ತಿಂಗಳು

ಜನವರಿಯಲ್ಲಿ ತೂಕ 81.5. ಸೊಂಟ 97. ಬಿಎಂಐ 29.6, ಅಂದರೆ ಲೆಕ್ಕದ ಪ್ರಕಾರ ಬೊಜ್ಜಿನ ಗೆರೆಯ ಮೇಲೆಯೇ ಇದ್ದಾರೆ. ಖಾಲಿಹೊಟ್ಟೆಯ ಸಕ್ಕರೆ 102, ಎಚ್‌ಬಿಎ1ಸಿ 5.8: ಹೊಸ್ತಿಲು ಪೂರ್ತಿ ಬಿಟ್ಟಿಲ್ಲ, ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದಾರೆ. ರಕ್ತದೊತ್ತಡ 132/84, ಮಾತ್ರೆಯ ಜೊತೆಗೆ. ಮಾತ್ರೆ ನಿಲ್ಲಿಸುವ ವಿಚಾರ ಡಾಕ್ಟರಿಗೆ ಬಿಟ್ಟದ್ದು, ಸದ್ಯ ಅವರು ನಿಲ್ಲಿಸಿಲ್ಲ.

ಆ ದಿನ ಹೆಂಡತಿ ಬಂದಿರಲಿಲ್ಲ, ಹುಡುಗ ಬಂದಿದ್ದ. ಭಟ್ಟರು ಈಗ ಮೆಟ್ಟುಗತ್ತಿಯ ಮೇಲೆ ಕೂತು ಬಾಳೆದಿಂಡು ಹೆಚ್ಚುತ್ತಾರೆ, ಏಳುವಾಗ ಗೋಡೆಯ ಕಡೆ ಕೈ ಹೋಗುತ್ತದೆ, ಆದರೆ ಮುಟ್ಟುವುದಿಲ್ಲ ಎಂದು ವರದಿ ಮಾಡಿದವನು ಅವನೇ. ಅವನನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಒಂದೇ ವರ್ಷದಲ್ಲಿ ಐದು ಕಿಲೋ ಏರಿದ್ದಾನೆ. ಭಟ್ಟರು ಬಿಟ್ಟ ರುಚಿಯೆಲ್ಲ ಅವನ ಬಾಯಿಗೆ ಹೋಗಿತ್ತಲ್ಲ.

“ತಂಗೀ,” ಅಂದರು ಭಟ್ಟರು. ಮೇಡಂ ಹೋಗಿ ತಂಗಿ ಆಗಿ ಬಹಳ ದಿನವಾಗಿತ್ತು. “ಇವಂಗೂ ಒಂದು ಡಬ್ಬಿ ಕೊಡು.”